ವಜೀರಬಿಯ ಬೆರಳು ಜಾರಲಿಲ್ಲ

ಬಸವಕಲ್ಯಾಣದ ಕೋಟೆಯ ಕಡೆಗೆ ಹೋಗುವ ಗಲ್ಲಿಯೊಂದರಲ್ಲಿ ಹಸಿರು ಬಾಗಿಲಿನ ಒಂದೇ ಕೋಣೆಯ ಅಂಗಡಿಯಿದೆ. ಅಲ್ಲಿ ಕೂತು ಎತ್ತುಗಳಿಗೆ ಬಟ್ಟೆ ಹೊಲಿಯುವ ವಜೀರಬಿಯನ್ನು ಸುತ್ತಲಿನ ಹಳ್ಳಿಗಳ ರೈತರೆಲ್ಲ ಬಲ್ಲರು. ಕಾರಹುಣ್ಣಿಮೆಗೋ ಪೋಳಾ ಅಮಾವಾಸ್ಯೆಗೋ ಎತ್ತಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಬೆನ್ನ ಮೇಲೆ ಹೊದಿಸುತ್ತಾರಲ್ಲ, ಕನ್ನಡಿ ಚೂರು ಕೂಡಿಸಿ, ಅಂಚಿಗೆ ಗೊಂಡೆ ಇಳಿಬಿಟ್ಟ ಬಣ್ಣದ ಬಟ್ಟೆ, ಅದಕ್ಕೆ ಜೂಲ ಅನ್ನುತ್ತಾರೆ. ಜೂಲ ಹೊಲಿಯುವುದು ಅವಳ ಗಂಡ ಬಂದೇನವಾಜನ ಮನೆತನದ ಕಸುಬು. ನಾರಾಯಣಪುರದಿಂದ ಹದಿನೇಳರ ಹರೆಯದಲ್ಲಿ ಈ ಮನೆಗೆ ಸೊಸೆಯಾಗಿ ಬಂದ ವಜೀರಬಿ ಮೊದಲ ಎರಡು ವರ್ಷ ಬರೀ ಗೊಂಡೆ ಕಟ್ಟಿದಳು. ಆಮೇಲೆ ಸೂಜಿ ಹಿಡಿದಳು. ಈಗ ಅವಳಿಗೆ ಐವತ್ತೆಂಟು. ಕೈಯಲ್ಲಿನ ಸೂಜಿ ಕೆಳಗಿಳಿದಿಲ್ಲ.

ಒಂಬತ್ತು ವರ್ಷದ ಹಿಂದೆ ಬಂದೇನವಾಜ ತೀರಿಕೊಂಡಾಗ ಗಂಡನ ಅಣ್ಣ ಮನೆಗೆ ಬಂದು, ಅಂಗಡಿಯ ಕೀಲಿ ಕೊಡು, ಹೆಣ್ಣುಮಗಳು ಬಜಾರದಲ್ಲಿ ಕೂಡುವುದು ಚಂದ ಕಾಣುವುದಿಲ್ಲ ಅಂದಿದ್ದ. ವಜೀರಬಿ ಅವನಿಗೆ ಚಹಾ ಮಾಡಿಕೊಟ್ಟಳು. ಅವನು ಕುಡಿದು ಕಪ್ಪು ಕೆಳಗಿಟ್ಟ ಮೇಲೆ, "ಭಾಯಿಸಾಬ್, ಎತ್ತಿಗೆ ನಾಚಿಕಿ ಇಲ್ಲ, ರೈತರಿಗೆ ನಾಚಿಕಿ ಇಲ್ಲ. ನನಗ್ಯಾಕ ಇರಬೇಕು?" ಅಂದು ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿಯುತ್ತಲೇ ಹಸಿರು ಬಾಗಿಲು ತೆಗೆದು ಕೂತಳು. ಅಂದಿನಿಂದ ಆ ಮನುಷ್ಯ ಅಂಗಡಿಯ ಮುಂದೆ ಹಾದುಹೋಗುವಾಗ ಆಚೆ ಬದಿಯ ಗೋಡೆ ನೋಡುತ್ತಾನೆ.

ವಜೀರಬಿಗೆ ಓದು ಬರದು. ಹೆಸರು ಬರೆಯುವಷ್ಟು ಉರ್ದು ಬಲ್ಲಳು, ಅಷ್ಟೆ. ಆದರೆ ಅಂಕಿ ಬಲ್ಲಳು, ಅದೂ ಚೆನ್ನಾಗಿ. ಎತ್ತಿನ ಹೆಗಲಿನಿಂದ ಬಾಲದ ಬುಡದವರೆಗೆ ಎಷ್ಟು ಗೇಣು, ಡುಬ್ಬದ ಸುತ್ತ ಎಷ್ಟು, ಯಾವ ಊರಿನ ಯಾವ ರೈತನ ಎತ್ತು ಎಷ್ಟು ಅಗಲ, ಎಲ್ಲ ತಲೆಯಲ್ಲೇ. ಐದಾರು ವರ್ಷದ ಹಿಂದೆ ನಡೆದ ಒಂದು ಸಂಗತಿಯಿಂದ ಈ ನೆನಪಿನ ಶಕ್ತಿ ಒಂದು ಹಠವೇ ಆಯಿತು.

ಆಗ ಪಡಿತರ ಅಂಗಡಿಯ ಯಂತ್ರ ಅವಳನ್ನು ಒಪ್ಪಲಿಲ್ಲ. ಬೆರಳಿಟ್ಟರೆ ಕೆಂಪು ದೀಪ. ಸೂಜಿ ಹಿಡಿದು ಬೆರಳು ಸವೆದಿದೆ ಅಂದರು. ಸೀಗೆಪುಡಿ ಹಚ್ಚಿ ತೊಳೆದುಕೊಂಡು ಬಾ ಅಂದರು, ಆ ಕೈ ಬೇಡ ಈ ಕೈ ಇಡು ಅಂದರು. ಏಳು ತಿಂಗಳು ಅಕ್ಕಿ ಇಲ್ಲ. ಕಡೆಗೆ ಒಬ್ಬ ಗುಮಾಸ್ತ ಬೇಸರದಲ್ಲಿ ಅವಳ ಪಡಿತರ ಕಾರ್ಡಿಗೆ ಜೋಡಿಸಿದ್ದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಅವಳ ಆಧಾರ್ ಜೊತೆ ಹೋಲಿಸಿದ. ಆಗ ಗೊತ್ತಾಯಿತು: ನಂಬರು ಜೋಡಿಸುವ ಕೇಂದ್ರವೊಂದರಲ್ಲಿ ಯಾರೋ ಅವಳ ಕಾರ್ಡಿಗೆ ಬೇರೊಂದು ತಾಲೂಕಿನ ಇನ್ನೊಬ್ಬ ವಜೀರಬಿಯ ಆಧಾರ್ ಸಂಖ್ಯೆ ಹಚ್ಚಿಬಿಟ್ಟಿದ್ದರು. ಬೆರಳು ಸರಿ ಇತ್ತು. ನಂಬರು ಬೇರೆಯವಳದಾಗಿತ್ತು. ಏಳು ತಿಂಗಳು ಅವಳು ಅವಳಾಗಿರಲಿಲ್ಲ.

ಅಂದಿನಿಂದ ತನಗೆ ಸಂಬಂಧಪಟ್ಟ ಯಾವ ನಂಬರನ್ನೂ ಅವಳು ಕಾಗದದ ಮೇಲೆ ನಂಬಿ ಬಿಡುವುದಿಲ್ಲ. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಖಾತೆ, ಮಗಳ ಕಾಲೇಜಿನ ನೋಂದಣಿ, ಎಲ್ಲ ಬಾಯಿಪಾಠ. ಹೊಲಿಯುತ್ತ ಕೂತಾಗ ತುಟಿ ಅಲುಗುತ್ತಿದ್ದರೆ ಗಲ್ಲಿಯವರು ದುವಾ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಮಗಳು ತಬಸ್ಸುಮಳಿಗೆ ಮಾತ್ರ ಗೊತ್ತಿತ್ತು, ಅಮ್ಮ ನಂಬರು ಹೇಳಿಕೊಳ್ಳುತ್ತಿದ್ದಾಳೆ ಅಂತ.

ಬ್ರೆಜಿಲ್‌ನ ಹೆಂಗಸೊಬ್ಬಳು ಅವಳ ಅಂಗಡಿಗೆ ಬಂದದ್ದು ಘಾಟಬೋರಾಳದ ಮಹಾರುದ್ರಪ್ಪ ಪಾಟೀಲರ ಜೊತೆ. ಪಾಟೀಲರು ಟ್ರ್ಯಾಕ್ಟರು ಬಂದ ಮೇಲೂ ದೇವಣಿ ತಳಿಯ ಎತ್ತುಗಳನ್ನು ಬಿಡದೆ ಸಾಕಿದವರು, ಮೂವತ್ತು ವರ್ಷದಿಂದ ಜೂಲಕ್ಕೆ ಇದೇ ಅಂಗಡಿಗೆ ಬರುವವರು. ಬಂದ ಹೆಂಗಸಿನ ಹೆಸರು ಲುಸಿಯಾನಾ, ದನದ ಡಾಕ್ಟರು. ಅವರ ದೇಶದ ಡುಬ್ಬದ ದನಗಳೆಲ್ಲ ನೂರು ನೂರೈವತ್ತು ವರ್ಷದ ಹಿಂದೆ ಹಡಗಿನಲ್ಲಿ ಹಿಂದುಸ್ತಾನದಿಂದಲೇ ಹೋದವಂತೆ. ಆ ಬೇರು ಹುಡುಕುತ್ತ ಊರೂರು ತಿರುಗುವಾಗ ಪಾಟೀಲರ ದನದ ಕೊಟ್ಟಿಗೆಗೆ ಬಂದಿದ್ದಳು. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಜೂಲ ನೋಡಿ, ಹೊಲಿದವರನ್ನು ನೋಡಲೇಬೇಕು ಅಂದಳು.

ಅಂಗಡಿಯಲ್ಲಿ ಅವಳು ಬಟ್ಟೆಯ ಒಳಮೈ ತಿರುಗಿಸಿ ನೋಡಿದಳು. ಗಂಟು ಎಲ್ಲಿ ಹಾಕಿದ್ದಾರೆ ಅಂತ ಹುಡುಕಿದಳು. ಅದು ವಜೀರಬಿಗೆ ಹಿಡಿಸಿತು. ಹೊರಮೈ ಹೊಗಳುವವರು ಬಹಳ ಜನ, ಒಳಮೈ ನೋಡಿದವಳು ಇವಳೊಬ್ಬಳೇ. ತಮ್ಮ ಮನೆಯ ಹೋರಿಗೆ ಒಂದು ಜೂಲ ಬೇಕು, ತಮ್ಮೂರಿನ ದನಗಳ ಪ್ರದರ್ಶನದಲ್ಲಿ ಹೊದಿಸಿ ತೋರಿಸಬೇಕು ಅಂದಳು. ಊರಿಗೆ ಹೋಗಿ ಅಳತೆ ಕಳಿಸಿದಳು. ಪ್ರಾಣಿಯ ಮೈಯಿಂದ ಬಂದದ್ದು ಏನೂ ಇರಬಾರದು, ಅಲ್ಲಿಯ ಸುಂಕದವರು ಬಿಡುವುದಿಲ್ಲ ಅಂತಲೂ ಹೇಳಿಕಳಿಸಿದಳು. ಹಾಗಾಗಿ ಕವಡೆ ಇಲ್ಲ, ಉಣ್ಣೆ ಇಲ್ಲ, ತೊಗಲಿನ ಪಟ್ಟಿ ಇಲ್ಲ. ವಜೀರಬಿ ಕವಡೆಯ ಜಾಗಕ್ಕೆ ಬಿಳಿ ದಾರದ ಗುಂಡಿ ಹೊಲಿದಳು, ಮುನ್ನೂರರ ಮೇಲೆ. ನಾಲ್ಕು ತಿಂಗಳು ಹಿಡಿಯಿತು. ಅತ್ತೆ ಕಲಿಸಿದ್ದ, ಇತ್ತೀಚೆಗೆ ಯಾರೂ ಕೇಳದ ನವಿಲಿನ ಕಸೂತಿಯನ್ನು ಬೆನ್ನಿನ ನಡುವೆ ಹಾಕಿದಳು.

ಕಳಿಸುವ ಹೊತ್ತಿಗೆ ಲುಸಿಯಾನಾ ಒಂದು ಮಾತು ಸೇರಿಸಿದಳು. ಬ್ರೆಜಿಲ್‌ಗೆ ಪಾರ್ಸೆಲ್ ಬರಬೇಕಾದರೆ ಅದನ್ನು ಪಡೆಯುವವರ ತೆರಿಗೆ ಸಂಖ್ಯೆ ಕಾಗದದಲ್ಲಿ ಇರಲೇಬೇಕು, ನಮ್ಮಲ್ಲಿ ಪ್ಯಾನ್ ಇದ್ದ ಹಾಗೆ ಅಲ್ಲಿ ಒಬ್ಬೊಬ್ಬರಿಗೂ ಹನ್ನೊಂದು ಅಂಕಿಯ ಒಂದು ಸಂಖ್ಯೆ, ಅದಿಲ್ಲದಿದ್ದರೆ ಇಲ್ಲವೆ ಹೆಸರಿಗೆ ಹೊಂದದಿದ್ದರೆ ಸುಂಕದವರು ಪಾರ್ಸೆಲ್ ತಡೆಯುತ್ತಾರೆ ಅಂತ. ಮೊಬೈಲಿನಲ್ಲಿ ತನ್ನ ಧ್ವನಿಯಲ್ಲೇ ಸಂಖ್ಯೆ ಹೇಳಿ ಕಳಿಸಿದ್ದಳು. ತಬಸ್ಸುಮ ಅದನ್ನು ಅಮ್ಮನಿಗೆ ಉರ್ದುವಿನಲ್ಲಿ ಹೇಳಿದಳು. ಮೂರು ಅಂಕಿ, ಮೂರು ಅಂಕಿ, ಮತ್ತೆ ಮೂರು, ಕೊನೆಗೆ ಎರಡು. ವಜೀರಬಿ ಮೂರು ಸಲ ಕೇಳಿಸಿಕೊಂಡಳು. ನಾಲ್ಕನೇ ಸಲ ತಾನೇ ಹೇಳಿದಳು. ಅಷ್ಟಕ್ಕೆ ಅದು ಅವಳದಾಯಿತು.

ಹೊರದೇಶದ ಪಾರ್ಸೆಲ್ ತೆಗೆದುಕೊಳ್ಳುವ ಖಾಸಗಿ ಕೊರಿಯರ್‌ನ ಕೌಂಟರು ಇದ್ದದ್ದು ಹುಮನಾಬಾದಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ. ನಡೆಸುತ್ತಿದ್ದವನು ಅಶೋಕಕುಮಾರ, ನಲವತ್ತರ ಆಸುಪಾಸಿನ, ಮಾತಿನಲ್ಲಿ ಮೆತ್ತಗಿನ ಮನುಷ್ಯ. ವಜೀರಬಿ ಗಂಟು ಹೊತ್ತುಕೊಂಡು ಒಬ್ಬಳೇ ಬಸ್ಸಿನಲ್ಲಿ ಹೋದಳು, ತಬಸ್ಸುಮ ಪಾಠ ಹೇಳುವ ಶಾಲೆಯಲ್ಲಿ ಅಂದು ಪರೀಕ್ಷೆ ಇತ್ತು. ಕೌಂಟರಿನಲ್ಲಿ ಏಳೆಂಟು ಜನ. ಅವಳ ಸರದಿ ಬಂದಾಗ ಅಶೋಕಕುಮಾರ ಹೆಸರು, ಊರು ಎಲ್ಲ ತಬಸ್ಸುಮ ಬರೆದುಕೊಟ್ಟ ಚೀಟಿ ನೋಡಿ ಕಂಪ್ಯೂಟರಿನಲ್ಲಿ ಹೊಡೆದುಕೊಂಡ. ನಂಬರು ಮಾತ್ರ ವಜೀರಬಿ ಬಾಯಿಂದಲೇ ಹೇಳಿದಳು, ನಿಧಾನವಾಗಿ, ಒಂದೊಂದೇ ಅಂಕಿ.

"ಆಯ್ತು ಖಾಲಾ, ಆಯ್ತು," ಅಂದ ಅವನು. ಬೆರಳು ಅಷ್ಟು ಹೊತ್ತು ಆಡಲಿಲ್ಲ ಅನ್ನುವುದು ಅವಳ ಕಣ್ಣಿಗೆ ಬಿದ್ದಿತ್ತು. ಕಂಪ್ಯೂಟರು ಬೇಗ ಬರೆಯುತ್ತದೇನೋ ಅಂದುಕೊಂಡಳು.

ಹದಿನೆಂಟು ದಿನ ಕಳೆದ ಮೇಲೆ ಅಶೋಕಕುಮಾರನಿಂದ ಫೋನು ಬಂತು. ಅಲ್ಲಿ ಸ್ವಲ್ಪ ತೊಡಕಾಗಿದೆ, ಬಂದು ಒಂದು ದಸ್ತಖತ್ ಹಾಕಿ ಹೋಗ್ರಿ ಅಂದ.

ಹೋದಳು. ಅವನು ಕುರ್ಚಿ ಕೊಟ್ಟ, ನೀರು ಕೊಟ್ಟ, ಎರಡು ಹಾಳೆಯ ಇಂಗ್ಲಿಷ್ ಕಾಗದ ಮುಂದಿಟ್ಟ. ಕೊನೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ ಜಾಗ.

"ಏನ್ ಬರದದ ಇದರಾಗ?"

"ಏನಿಲ್ಲ ಖಾಲಾ. ಕಂಪನಿಯವರ ರಿವಾಜು. ನಿಮ್ಮ ಸಾಮಾನು ಅಲ್ಲಿ ನಿಂತದ, ಅದಕ ಒಂದು ದಸ್ತಖತ್. ನಿಮ್ಮ ಕೊರಿಯರ್ ಖರ್ಚು ನಾ ವಾಪಸ್ ಕೊಡ್ತೀನಿ."

"ಖರ್ಚು ಯಾಕ ವಾಪಸ್ ಕೊಡ್ತಿ? ಸಾಮಾನು ಮುಟ್ಟಲ್ಲೇನು?"

ಅಶೋಕಕುಮಾರ ಹೊರಗೆ ನಿಂತಿದ್ದ ಆಟೋದ ಕಡೆ ನೋಡಿದ. ವಜೀರಬಿ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ಎದ್ದಳು. "ಖಾಲಾ, ಅದು ಇಲ್ಲೇ ಬಿಡಬೇಕಾಗ್ತದ," ಅಂದ ಅವನು. "ದಸ್ತಖತ್ ನಂದು ಅಲ್ಲೇನು? ಅಂದ ಮ್ಯಾಲ ಕಾಗದ ಮೊದಲು ನನ್ನ ಮನಿ ನೋಡ್ಲಿ," ಅಂದು ಅವಳು ಬಸ್ಸು ಹತ್ತಿದಳು.

ಸಂಜೆ ತಬಸ್ಸುಮ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಪಡೆಯುವವರ ತೆರಿಗೆ ಸಂಖ್ಯೆ ಅಂತ ಪಾರ್ಸೆಲ್ ಕಾಗದದಲ್ಲಿದ್ದದ್ದು ಲುಸಿಯಾನಾಳದಲ್ಲ, ಬೇರೆ ಯಾರೋ ಗಂಡಸಿನದು. ಹೆಸರಿಗೂ ನಂಬರಿಗೂ ಹೊಂದಿಕೆಯಾಗದೆ ಅಲ್ಲಿಯ ಸುಂಕದವರು ತಡೆದಿದ್ದಾರೆ. ಮೊದಲ ಹಾಳೆಯಲ್ಲಿ ವಜೀರಬಿ ಒಪ್ಪಿ ಬರೆದುಕೊಟ್ಟ ಹಾಗೆ ಮೂರು ಮಾತು: ಈ ತಪ್ಪು ಸಂಖ್ಯೆ ನಾನೇ ಕೊಟ್ಟದ್ದು. ಈ ಸಾಮಾನಿನ ಮೇಲೆ ನನ್ನ ಹಕ್ಕು ಬಿಟ್ಟಿದ್ದೇನೆ. ಅದನ್ನು ಅಲ್ಲೇ ನಾಶ ಮಾಡಬಹುದು.

"ನಾಶ ಅಂದ್ರ?"

"ಸುಡಬಹುದು, ಅಮ್ಮೀ. ಹರಿದು ಎಸೀಬಹುದು."

ಎರಡನೇ ಹಾಳೆ ಕೊರಿಯರ್ ಕಂಪನಿ ಅಶೋಕಕುಮಾರನಿಗೆ ಬರೆದದ್ದು, ಅವನ ಅವಸರದಲ್ಲಿ ಇದರ ಜೊತೆ ಕೂಡಿಬಂದಿತ್ತು. ಸರಿಯಾದ ಸಂಖ್ಯೆಯನ್ನೂ, ತಪ್ಪು ಎಲ್ಲಿ ಆಯಿತು ಅನ್ನುವ ವಿವರಣೆಯನ್ನೂ ಹತ್ತು ದಿನದೊಳಗೆ ಕೌಂಟರಿನಿಂದ ಕಳಿಸಿದರೆ ಕಾಗದವನ್ನು ಅಲ್ಲಿ ಮತ್ತೆ ಸಲ್ಲಿಸಲು ಬರುತ್ತದೆ ಅಂತ ಅದರಲ್ಲಿತ್ತು. ಹತ್ತರಲ್ಲಿ ನಾಲ್ಕು ದಿನ ಆಗಲೇ ಹೋಗಿದ್ದವು.

ವಜೀರಬಿ ಹಾಳೆಯನ್ನು ತೆಗೆದುಕೊಂಡು, ಓದು ಬಾರದಿದ್ದರೂ, ಬೆರಳಿಟ್ಟು ಅಂಕಿ ಹುಡುಕಿದಳು. ಅಲ್ಲಿದ್ದ ಹನ್ನೊಂದು ಅಂಕಿಗಳನ್ನು ತನ್ನ ತಲೆಯಲ್ಲಿದ್ದ ಹನ್ನೊಂದರ ಪಕ್ಕ ಇಟ್ಟು ನೋಡಿದಳು. ಮೊದಲ ಅಂಕಿಯೇ ಬೇರೆ. ಪಡಿತರ ಅಂಗಡಿಯ ಕೆಂಪು ದೀಪ ನೆನಪಾಯಿತು. ಈ ಕಾಗದದಲ್ಲೂ ಒಬ್ಬ ಹೆಂಗಸನ್ನು ಇನ್ನೊಬ್ಬರನ್ನಾಗಿ ಮಾಡಿದ್ದರು. ಈ ಸಲ ಅದನ್ನು ತಾನೇ ಮಾಡಿದ್ದೆಂದು ಇವಳ ಕೈಯಿಂದ ಬರೆಸಿಕೊಳ್ಳುತ್ತಿದ್ದರು.

"ಹಾಕಂಗಿಲ್ಲ," ಅಂದಳು.

ಮರುದಿನ ತಬಸ್ಸುಮಳೂ ಜೊತೆಗೆ ಬಂದಳು. ಅಶೋಕಕುಮಾರ ಕೌಂಟರಿನ ಹಿಂದೆ ಒಬ್ಬನೇ ಇದ್ದ.

"ಅಶೋಕಪ್ಪ, ನಾ ಹೇಳಿದ ನಂಬರ್ ಏನಿತ್ತು?"

"ನೀವು ಏನ್ ಹೇಳಿದ್ರಿ, ಅದೇ ಹೊಡದೀನಿ ಖಾಲಾ. ಇಂಥಾವು ಯಾರ ನೆನಪ ಇಡ್ತಾರ?"

ವಜೀರಬಿ ಹನ್ನೊಂದು ಅಂಕಿ ಹೇಳಿದಳು. ಉಸಿರು ತೆಗೆದುಕೊಂಡು ಕೊನೆಯಿಂದ ಹಿಂದಕ್ಕೂ ಹೇಳಿದಳು. ತಬಸ್ಸುಮ ಮೊಬೈಲ್ ಮೇಜಿನ ಮೇಲಿಟ್ಟು ಲುಸಿಯಾನಾಳ ಧ್ವನಿ ಹಚ್ಚಿದಳು. ಪಾರ್ಸೆಲ್ ಹಾಕುವುದಕ್ಕೆ ಮೂರು ದಿನ ಮೊದಲಿನ ತಾರೀಖು ಪರದೆಯ ಮೇಲಿತ್ತು. ಅದೇ ಹನ್ನೊಂದು ಅಂಕಿ, ಅದೇ ಕ್ರಮದಲ್ಲಿ.

ಅಶೋಕಕುಮಾರ ಹೊರಗೆ ಯಾರಾದರೂ ಇದ್ದಾರೇನೋ ನೋಡಿದ. ಆಮೇಲೆ ಧ್ವನಿ ತಗ್ಗಿಸಿ ನಿಜ ಹೇಳಿದ. ಒಂದು ವರ್ಷದ ಹಿಂದೆ ಯಾರದೋ ಪಾರ್ಸೆಲ್ ಬ್ರೆಜಿಲ್‌ಗೆ ಹೋಗಿತ್ತು. ಆ ದೇಶದ ಹೆಸರು ಒತ್ತಿದರೆ ಅದನ್ನು ಪಡೆದವರ ನಂಬರೇ ಖಾನೆಯಲ್ಲಿ ತಾನಾಗಿ ಬಂದು ಕೂಡುತ್ತದೆ. ಅಂದು ಗಿರಾಕಿ ಬಹಳ ಇದ್ದರು. ಖಾನೆ ತುಂಬಿತ್ತಲ್ಲ, ಅಲ್ಲಿ ಯಾರು ನೋಡುತ್ತಾರೆ ಅಂತ ಮುಂದಕ್ಕೆ ಒತ್ತಿಬಿಟ್ಟೆ ಅಂದ.

"ಹಂಗಾದರ ಅದನ್ನೇ ಬರದು ಕಳಸು."

"ಹ್ಯಾಂಗ ಬರೀಲಿ ಖಾಲಾ? ಕೌಂಟರಿನವನ ತಪ್ಪು ಅಂತ ಹೋದ್ರ ಕಂಪನಿಯವರು ಕೌಂಟರ್ ಕಸಗೋತಾರ. ನಿಮ್ಮಿಂದ ಆದದ್ದು ಅಂದ್ರ ನಿಮಗ ಯಾರೇನ್ ಮಾಡ್ತಾರ? ಒಂದು ಬಟ್ಟಿ. ಮತ್ತ ಹೊಲೀರಿ. ಖರ್ಚೆಲ್ಲ ನಂದು."

ಒಂದು ಬಟ್ಟೆ ಅನ್ನುವ ಮಾತು ತಬಸ್ಸುಮಳ ಮುಖ ಕೆಂಪಾಗಿಸಿತು. ವಜೀರಬಿ ಮಗಳ ಮುಂಗೈ ಹಿಡಿದಳು.

"ನಿನ್ನ ಕೌಂಟರ್ ಹೋಗಲಿ ಅಂತ ನಾ ಅನ್ನಂಗಿಲ್ಲ. ಬೆರಳು ಜಾರಿತು ಅಂತ ಬರಿ. ಯಾರದಾದ್ರೂ ಜಾರ್ತದ. ಆದರ ನನ್ನ ಬೆರಳು ಜಾರಿತು ಅಂತ ಬರೀಬ್ಯಾಡ. ಅದು ಜಾರಿಲ್ಲ."

ಅವನು ಬರೆಯಲಿಲ್ಲ.

ಹೀಗಾಗಿ ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ವಜೀರಬಿ ಹೊರಟಳು. ರಾಜೇಶ್ವರ ಊರು ದಾಟುವಾಗ ಹೊಲಗಳಲ್ಲಿ ತೊಗರಿ ಮೊಳೆತಿತ್ತು. ಚೀಲದಲ್ಲಿ ಗೋರ್ಟಾದ ರೈತನೊಬ್ಬನ ಅರ್ಧ ಹೊಲಿದ ಜೂಲ, ಸೂಜಿಯ ಡಬ್ಬಿ, ಎರಡು ರೊಟ್ಟಿ, ಹಸಿಮೆಣಸಿನ ಚಟ್ನಿ. ಅಶೋಕಕುಮಾರ ಬಾಗಿಲು ಎತ್ತುವಾಗಲೇ ಅವಳು ಮೆಟ್ಟಿಲ ಮೇಲಿದ್ದಳು. ಒಳಗೆ ಗಿರಾಕಿಗಳು ಕೂಡುವ ಬೆಂಚಿನ ಮೂಲೆ ಹಿಡಿದು, ಕೆಂಪು ಬಟ್ಟೆ ತೊಡೆಯ ಮೇಲೆ ಹರಡಿಕೊಂಡು ಹೊಲಿಯತೊಡಗಿದಳು.

"ಖಾಲಾ, ಇದು ಸರಿ ಅಲ್ಲ."

"ನಾ ಏನ್ ಮಾಡಾಕತ್ತೀನಿ? ನನ್ನ ಕೆಲಸ ಮಾಡಾಕತ್ತೀನಿ. ನಿನ್ನ ಕೆಲಸ ನೀ ಮಾಡು."

ಅವಳು ಜಗಳ ತೆಗೆಯಲಿಲ್ಲ, ಯಾರಿಗೂ ಅಶೋಕಕುಮಾರನ ದೂರು ಹೇಳಲಿಲ್ಲ. ಗಿರಾಕಿ ಬಂದು ಪಾರ್ಸೆಲ್ ಒಪ್ಪಿಸಿ ರಸೀದಿ ತೆಗೆದುಕೊಳ್ಳುವಾಗ ಸೂಜಿ ನಿಲ್ಲಿಸಿ ಕೇಳುತ್ತಿದ್ದಳು: "ನಂಬರ್ ಓದಿ ನೋಡಿದ್ರೇನ್ರಿ? ಅವರ ಪರದೆ ಈ ಕಡಿ ತಿರುಗಸ್ರಿ ಅನ್ರಿ. ಒಂದೊಂದೇ ಅಂಕಿ ನೋಡ್ರಿ." ಕೆಲವರು ನಕ್ಕು ಹೋದರು. ಕೆಲವರು ಪರದೆ ತಿರುಗಿಸಿ ಅಂದರು. ಅಶೋಕಕುಮಾರನ ಕತ್ತು ಮಧ್ಯಾಹ್ನದ ಹೊತ್ತಿಗೆ ಬೆವರಿತ್ತು.

ಎರಡನೇ ದಿನ ಜಿಜಾಬಾಯಿ ಅನ್ನುವ ಹೆಂಗಸು ಓಮನ್‌ನಲ್ಲಿ ಕ್ರೇನ್ ನಡೆಸುವ ತಮ್ಮನಿಗೆ ಸೊಂಟದ ಪಟ್ಟಿ ಮತ್ತು ಬಟ್ಟೆ ಕಳಿಸಲು ಬಂದಿದ್ದಳು. ವಜೀರಬಿಯ ಮಾತು ಕೇಳಿ ಪರದೆ ನೋಡಿದಳು, ಕಣ್ಣು ಕಿರಿದು ಮಾಡಿದಳು.

"ಅಶೋಕಣ್ಣ, ಇದು ನಮ್ಮ ತಮ್ಮನ ಫೋನ್ ನಂಬರ್ ಅಲ್ಲರಿ."

"ಅದು ಇಲ್ಲಿದು ಅಕ್ಕಾ, ನಂದೇ. ನೀವು ಜಲ್ದಿ ಹೇಳಲಿಲ್ಲ, ಅದಕ..."

"ಅಲ್ಲಿ ಬಾಗಿಲ ಮುಂದ ನಿಂತವ ನಿಮಗ ಫೋನ್ ಹಚ್ಚಿದರ ನೀವು ಹುಮನಾಬಾದಿನಿಂದ ಹೋಗಿ ತಗೋತೀರೇನು?"

ಬೆಂಚಿನಲ್ಲಿದ್ದ ನಾಲ್ಕು ಜನ ನಕ್ಕರು. ವಜೀರಬಿ ನಗಲಿಲ್ಲ. ಅಶೋಕಕುಮಾರ ಆ ನಂಬರು ಅಳಿಸಿ ಸರಿಯಾದದ್ದನ್ನು ಹೊಡೆದ. ಆ ಹೊತ್ತಿನಲ್ಲಿ ಅವನ ಮುಖ ನೋಡಿ ಅವಳಿಗೆ ಒಂದು ಗಳಿಗೆ ಕನಿಕರವೂ ಬಂತು. ಕೆಟ್ಟ ಮನುಷ್ಯನೇನೂ ಅಲ್ಲ, ಖಾನೆ ಖಾಲಿ ಇರಬಾರದು ಅಂತ ತುಂಬುವವನು. ಆದರೆ ಆ ಖಾನೆಯ ಆಚೆಗೆ ಒಬ್ಬ ಮನುಷ್ಯ ಇದ್ದಾನೆ ಅನ್ನುವುದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಕನಿಕರ ಬಂದರೂ ಬೆಂಚು ಬಿಟ್ಟು ಏಳಬೇಕು ಅಂತ ಅವಳಿಗೆ ಅನಿಸಲಿಲ್ಲ.

ಮೂರನೇ ದಿನ ಮಹಾರುದ್ರಪ್ಪ ಪಾಟೀಲರು ಬಂದರು. ಅಶೋಕಕುಮಾರನ ಮಾವನ ಮನೆ ಘಾಟಬೋರಾಳ, ಅವರ ಕೈಲಿ ಪಾಟೀಲರಿಗೆ ಹೇಳಿಕಳಿಸಿದ್ದ. ಪಾಟೀಲರು ಟೋಪಿ ತೆಗೆದು ಬೆಂಚಿನ ಮೇಲೆ ಅವಳ ಪಕ್ಕ ಕೂತರು. ಮೂವತ್ತು ವರ್ಷದ ಗಿರಾಕಿ. ಬಂದೇನವಾಜನ ಮಣ್ಣಿಗೂ ಬಂದು ನಿಂತವರು.

"ವಜೀರಬಿ, ಆ ಲುಸಿಯಾನಾಬಾಯಿನ್ನ ನಿನ್ನ ಅಂಗಡಿಗಿ ಕರಕೊಂಡು ಬಂದವ ನಾನು. ನನ್ನ ಮಾತು ಒಂದು ನಡಸು. ದಸ್ತಖತ್ ಹಾಕು. ನಾ ಎರಡು ಜೂಲ ಹೊಲಸ್ತೀನಿ, ಒಂದು ನನಗ, ಒಂದು ಅಕಿಗೆ ಕಳಸೋಣ. ಮಂದಿಯೊಳಗ ಇದು ಯಾಕ ಬೇಕು?"

"ಪಾಟೀಲ್ರ, ನಿಮ್ಮ ಎತ್ತಿಗೆ ಬ್ಯಾರೇದವರ ಎತ್ತಿನ ಅಳತಿ ಹಿಡಿದು ಹೊಲಿದು, ಆಮ್ಯಾಲ ಅಳತಿ ತಪ್ಪು ಕೊಟ್ಟವರು ನೀವೇ ಅಂತ ನಿಮ್ಮ ಕಡೀಂದ ಬರಸಿಕೊಂಡ್ರ ಸುಮ್ಮನ ಇರ್ತೀರೇನು?"

"ಎತ್ತಿನ ಮಾತು ಬ್ಯಾರೆ."

"ಹೌದ್ರಿ. ಎತ್ತಿಗೆ ನಂಬರ್ ಇಲ್ಲ, ಅದು ಬದುಕ್ತದ. ಮನಶಾಗ ನಂಬರ್ ತಪ್ಪಿದ್ರ ಏಳು ತಿಂಗಳು ಅಕ್ಕಿ ಇಲ್ಲ. ನಾ ನೋಡೀನಿ."

"ಅಂದ್ರ ನನ್ನ ಮಾತಿಗೂ ಕಿಮ್ಮತ್ತಿಲ್ಲ."

"ಕಿಮ್ಮತ್ ಅದ. ಅದಕ ಕೂಡಸಿಕೊಂಡು ಮಾತಾಡಾಕತ್ತೀನಿ. ದಸ್ತಖತ್ ಮಾತ್ರ ಹಾಕಂಗಿಲ್ಲ."

ಪಾಟೀಲರು ಟೋಪಿ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿ, ಈ ವರ್ಷ ಪೋಳಾಕ್ಕೆ ತಾವು ಜೂಲ ಸೊಲ್ಲಾಪುರದಿಂದ ತರುವುದಾಗಿ ಹೇಳಿದರು, ಯಾರಿಗೂ ಹೇಳದವರ ಹಾಗೆ, ಬೀದಿ ನೋಡುತ್ತ. ವಜೀರಬಿಯ ಸೂಜಿ ಅಲ್ಲಿ ಒಂದು ಸಲ ತಪ್ಪಿ ಹೆಬ್ಬೆರಳಿಗೆ ಚುಚ್ಚಿತು. ಬೆರಳು ಬಾಯಲ್ಲಿಟ್ಟುಕೊಂಡು, ಸೆರಗಿಗೆ ಒರೆಸಿ, ಮತ್ತೆ ಹೊಲಿದಳು. ಅಂದು ಸಂಜೆ ಮನೆಯಲ್ಲಿ ತಬಸ್ಸುಮ, "ಅಮ್ಮೀ, ಬಿಟ್ಟುಬಿಡೋಣ. ನೀನು ಸೊರಗಾಕತ್ತೀದಿ," ಅಂದಳು. ವಜೀರಬಿ ತಟ್ಟೆ ಸರಿಸಿ ಹೇಳಿದಳು: "ಆ ನವಿಲು ಸುಟ್ಟರ ಸುಡ್ಲಿ. ಅಲ್ಲಾ ಮತ್ತ ಕಣ್ಣು ಕೊಟ್ಟರ ಮತ್ತ ಹೊಲೀತೀನಿ. ಆದರ ನಾ ಸುಳ್ಳು ನಂಬರ್ ಕೊಟ್ಟವಳು ಅಂತ ಕಾಗದದ ಮ್ಯಾಲ ಇದ್ರ, ಮುಂದ ನನ್ನ ಖರೇ ನಂಬರ್ ಯಾರು ನಂಬ್ತಾರ?"

ಹತ್ತರಲ್ಲಿ ಒಂಬತ್ತನೇ ದಿನ. ಬೆಳಿಗ್ಗೆ ಅಂಗಡಿಗೆ ಬಂದವಳಿಗೆ ಅಶೋಕಕುಮಾರ ಬೆಂಚಿನ ಮೂಲೆ ಬಿಟ್ಟುಕೊಟ್ಟ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಹನ್ನೊಂದು ಗಂಟೆಯವರೆಗೆ ಗಿರಾಕಿ ನೋಡಿದ. ವಿಚಿತ್ರವೆಂದರೆ ಆ ಮೂರು ದಿನದಲ್ಲಿ ಅವನಿಗೇ ರೂಢಿಯಾಗಿಬಿಟ್ಟಿತ್ತು, ಯಾರೂ ಕೇಳದೆಯೇ ಪರದೆ ತಿರುಗಿಸಿ, ನೋಡಿಕೊಳ್ರಿ ಅನ್ನುತ್ತಿದ್ದ. ಅಂಗಡಿ ಖಾಲಿಯಾದಾಗ ಚಹಾ ತರಿಸಿದ, ಎರಡು.

"ಖಾಲಾ, ನಿನ್ನೆ ಆ ಇನ್ನೊಬ್ಬರು ಫೋನ್ ಮಾಡಿದ್ರು."

"ಯಾರು?"

"ಹೋದ ವರ್ಷ ಪಾರ್ಸೆಲ್ ಹಾಕಿದವರು. ಅವರ ದೋಸ್ತನ ನಂಬರೇ ನಾ ಹಚ್ಚಿದ್ದೆ. ಅಲ್ಲಿ ಆ ದೋಸ್ತಗ ಸುಂಕದವರಿಂದ ಕಾಗದ ಹೋಗ್ಯದಂತ, ನಿಮ್ಮ ಹೆಸರಿಲೆ ದನದ ಬಟ್ಟಿ ಬಂದದ, ಇದೇನು ಅಂತ. ಆ ಮನಶಾ ಅಂಜ್ಯಾನ. ತಾ ಮಾಡದಿದ್ದ ಕೆಲಸಕ ಜವಾಬು ಕೊಡಬೇಕಾಗ್ಯದ."

ವಜೀರಬಿ ಚಹಾ ಕುಡಿದಳು. ಖಾಲಿ ಕಪ್ಪನ್ನು ಕಂಪ್ಯೂಟರಿನ ಪಕ್ಕ ಇಟ್ಟಳು.

ಅಶೋಕಕುಮಾರ ಕಂಪ್ಯೂಟರಿನ ಮುಂದೆ ಕೂತ. ಇಂಗ್ಲಿಷಿನಲ್ಲಿ ಹೊಡೆಯುತ್ತ, ಪ್ರತಿ ಸಾಲನ್ನೂ ಕನ್ನಡದಲ್ಲಿ ಅವಳಿಗೆ ಹೇಳಿದ. ಬುಕಿಂಗ್ ಸಮಯದಲ್ಲಿ ತಪ್ಪಾಗಿದೆ ಅಂತ ಮೊದಲು ಬರೆದ.

"ಯಾರ ಕಡೀಂದ?"

ಅವನ ಬೆರಳು ನಿಂತವು. ಆಮೇಲೆ ಹೊಡೆದವು. ಕಳಿಸುವವರು ಸರಿಯಾದ ಸಂಖ್ಯೆಯನ್ನು ಹೇಳಿದ್ದರು, ಕೌಂಟರಿನಲ್ಲಿ ನಾನು ಹಳೆಯ ಸಂಖ್ಯೆಯನ್ನು ಹಾಗೇ ಬಿಟ್ಟೆ. ಈಗ ಹೇಳ್ರಿ ಖಾಲಾ, ಅಂದ. ಅವಳು ಹನ್ನೊಂದು ಅಂಕಿ ಹೇಳಿದಳು. ಪ್ರತಿ ಅಂಕಿಗೂ ಅವನು ಒಂದು ಸಲ ಒತ್ತುವುದನ್ನು ಕಣ್ಣಾರೆ ಎಣಿಸಿದಳು. ತಬಸ್ಸುಮಳಿಗೆ ಫೋನಿನಲ್ಲಿ ಓದಿ ತೋರಿಸಿ, ಕಾಗದ ಕಳಿಸಿದ ಮೇಲೆಯೇ ಅವಳು ಬೆಂಚಿನಿಂದ ಎದ್ದು ತನ್ನ ಬಟ್ಟೆ ಮಡಚಿದ್ದು. ಗೋರ್ಟಾದ ಜೂಲ ಅಲ್ಲಿಯೇ ಮುಗಿದಿತ್ತು.

ಕಂಪನಿಯವರು ಅಶೋಕಕುಮಾರನಿಗೆ ಎಚ್ಚರಿಕೆಯ ಪತ್ರ ಬರೆದರು. ಕೌಂಟರು ಉಳಿಯಿತು. ಅವನು ಅದನ್ನು ವಜೀರಬಿಗೆ ಫೋನು ಮಾಡಿ ಹೇಳಿದಾಗ ಧ್ವನಿಯಲ್ಲಿ ಸಿಟ್ಟೂ ಇತ್ತು, ಹಗುರಾದವರ ಉಸಿರೂ ಇತ್ತು. ಜೂಲ ಮಾತ್ರ ಐದು ವಾರ ಅಲ್ಲಿಯ ಗೋದಾಮಿನಲ್ಲೇ ಬಿದ್ದಿತ್ತು. ದನಗಳ ಪ್ರದರ್ಶನ ಮುಗಿದುಹೋಯಿತು. ಲುಸಿಯಾನಾ ಒಂದು ಸಲವೂ ಬೇಡ ಅನ್ನಲಿಲ್ಲ, ಬರುವ ವರ್ಷವೂ ಪ್ರದರ್ಶನ ಇರುತ್ತದೆ ಅಂತಷ್ಟೇ ಹೇಳಿಕಳಿಸಿದಳು. ಸುಟ್ಟರೇನೋ ಅನ್ನುವ ಯೋಚನೆ ವಜೀರಬಿಯನ್ನು ಹೊಲಿಯುವಾಗ, ನೀರು ತುಂಬುವಾಗ ಬಂದು ಹಿಡಿಯುತ್ತಿತ್ತು.

ಮಹಾರುದ್ರಪ್ಪ ಪಾಟೀಲರು ಮಾತು ಉಳಿಸಿಕೊಂಡರು. ಆ ವರ್ಷ ಅವರ ಎತ್ತುಗಳ ಮೇಲೆ ಸೊಲ್ಲಾಪುರದ ಯಂತ್ರದ ಹೊಲಿಗೆಯ ಜೂಲ ಬಿತ್ತು. ವಜೀರಬಿಯೂ ಹೋಗಿ ಮಾತಾಡಿಸಲಿಲ್ಲ. ಮೂವತ್ತು ವರ್ಷದ ಗಿರಾಕಿ ಹೋದದ್ದು ಅವಳಿಗೆ ನೋವೇ. ಆದರೆ ತಬಸ್ಸುಮ ಆ ಮಾತು ತೆಗೆದಾಗ, "ಬರ್ತಾರ. ಬರದಿದ್ರ ಅವರ ಎತ್ತಿಗಿ ಬರ್ತದ ಸಂಕಟ, ಯಂತ್ರದ ಗಂಟು ಬೆನ್ನಿಗೆ ಚುಚ್ಚತಾವ," ಅಂದು ಬಿಟ್ಟಳು.

ಒಂದು ಮಧ್ಯಾಹ್ನ ತಬಸ್ಸುಮ ಶಾಲೆಯಿಂದ ನೇರ ಅಂಗಡಿಗೆ ಬಂದು ಮೊಬೈಲ್ ಅವಳ ಮುಂದೆ ಹಿಡಿದಳು. ಚಿತ್ರದಲ್ಲಿ ಹಸಿರು ಬಯಲು, ಬೇಲಿ, ಬಿಳಿಯ ದೊಡ್ಡ ಹೋರಿ. ಬೆನ್ನ ಮೇಲೆ ಕೆಂಪು ಜೂಲ. ಕನ್ನಡಿಗಳು ಬಿಸಿಲಿಗೆ ಹೊಳೆಯುತ್ತಿದ್ದವು, ನವಿಲು ನಟ್ಟನಡುವೆ ಇತ್ತು. ಪಕ್ಕದಲ್ಲಿ ಲುಸಿಯಾನಾ ಹೋರಿಯ ಕೊರಳು ತಬ್ಬಿ ನಿಂತಿದ್ದಳು.

ವಜೀರಬಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿಸಿಕೊಂಡು ಬಹಳ ಹೊತ್ತು ನೋಡಿದಳು. ಕಣ್ಣು ಒದ್ದೆಯಾಯಿತು, ಒರೆಸಿಕೊಂಡಳು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಇದೇನು, ಹೊಟ್ಟಿ ಕೆಳಗ ಹಗ್ಗದಿಂದ ಬಿಗದಾಳ? ಲಾಡಿ ಎಲ್ಲಿ ಹೋದ್ವು?"

"ಲಾಡಿ ಮುಟ್ಟಂಗಿಲ್ಲಂತ ಅಮ್ಮೀ. ಸ್ವಲ್ಪ ಸಣ್ಣದಾಗ್ಯದಂತ. ನಿಮ್ಮ ಅಳತಿ ತಪ್ಪೇನು ಅಂತ ಕೇಳ್ಯಾಳ, ನಕ್ಕೋತ."

"ನನ್ನ ಅಳತಿ ತಪ್ಪಂಗಿಲ್ಲ." ವಜೀರಬಿ ಲುಸಿಯಾನಾ ಆಗ ಕಳಿಸಿದ್ದ ಅಳತೆಗಳನ್ನು ಸಾಲಾಗಿ ಹೇಳಿದಳು, ಹೆಗಲು, ಬೆನ್ನು, ಸುತ್ತು. "ಹೋರಿ ಬೆಳದದ. ಅಳತಿ ಕಳಿಸಿದ ಮ್ಯಾಲ ಎಂಟು ತಿಂಗಳು ಹುಲ್ಲು ತಿಂದದ, ಬೆಳೀದೆ ಏನ್ ಮಾಡ್ತದ? ಅಕಿಗೆ ಬರಿ. ಮತ್ತೊಮ್ಮೆ ಅಳಿ ಅನ್ನು. ಕಣ್ಣಂದಾಜು ಬ್ಯಾಡ, ಟೇಪು ಹಿಡಿದು ಅಳಿ, ಹೋರಿ ನಿಂತಾಗ ಅಳಿ, ಮಲಗಿದಾಗ ಅಲ್ಲ."

ಉತ್ತರ ಅಂದೇ ಬಂತು. ಎರಡೂ ಬದಿಗೆ ಕೂಡಿಸಿಕೊಳ್ಳಲು ಒಂದೊಂದು ಗೇಣಿನ ಪಟ್ಟಿ ಹೊಲಿದು ಕಳಿಸಿದರೆ ಸಾಕಾಗುತ್ತಿತ್ತು. ಅದೇ ಕೆಂಪು ಬಟ್ಟೆ ಸಿಗಲಿಲ್ಲ. ಬಜಾರವೆಲ್ಲ ತಿರುಗಿ, ಕಡೆಗೆ ಹಳದಿ ಬಟ್ಟೆ ತೆಗೆದುಕೊಂಡಳು. ಹೊಂದುವುದಿಲ್ಲ ಅಂದಳು ತಬಸ್ಸುಮ. ಹೊಂದುವ ಹಾಗೆ ಹೊಲಿಯುವವಳು ನಾನು ಅಂದಳು ಅಮ್ಮ.